ಬೇಡಮ್ಮನ ದಿಬ್ಬ

ಜಾಲಿಪಾಳ್ಯದಿಂದ ಹೊಳೆಯ ಕಡೆಗೆ ಇಳಿಯುವ ಹಳೆಯ ಗಾಡಿದಾರಿಗೆ ಈಗ ಡಾಂಬರು ಬಂದಿದೆ. ಊರು ದಾಟಿ ಅರ್ಧ ಮೈಲಿ ನಡೆದರೆ ಎಡಕ್ಕೆ, ರಾಗಿ ಹೊಲಗಳ ನಡುವೆ, ಕವುಚಿ ಹಾಕಿದ ಬಾನಿಯಂಥ ಒಂದು ದಿಬ್ಬ ಕಾಣುತ್ತದೆ. ಅದರ ನೆತ್ತಿಯ ಮೇಲೆ ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿದ ಕಾಡುಗಲ್ಲಿನ ಗೋಡೆ. ಎದೆಮಟ್ಟ ಎತ್ತರ, ಸುತ್ತಲೂ ಎಲ್ಲಿಯೂ ಬಾಗಿಲಿಲ್ಲ. ಬಗ್ಗಿ ನೋಡಿದರೆ ಒಳಗೆ ಒಂದು ಸಮಾಧಿ, ಅದರ ತಲೆಯ ಕಡೆ ನೆಟ್ಟ ಚಪ್ಪಡಿ. ಮಂಗಳವಾರ ಬಂತೆಂದರೆ ಸುತ್ತಲಿನ ಹತ್ತು ಹಳ್ಳಿಗಳ ಹೆಂಗಸರು ಇಲ್ಲಿಗೆ ಬಂದು ಗೋಡೆಯ ಮೇಲೆ ಮೇಣದ ಬತ್ತಿ ಹಚ್ಚುತ್ತಾರೆ. ರಸ್ತೆಯ ಪಕ್ಕದಲ್ಲಿ ಯಾವುದೋ ಇಲಾಖೆಯವರು ನಿಲ್ಲಿಸಿದ ಫಲಕ 'ಬೇಡರ ಅಮ್ಮನ ಗುಡ್ಡ' ಎನ್ನುತ್ತದೆ. ಹಿಂದೆ ಇಲ್ಲಿ ಬೇಟೆಯಾಡುತ್ತಿದ್ದ ಬೇಡರ ಕುಲದೇವತೆ ಇದ್ದಿರಬೇಕೆಂದು ಅವರ ಊಹೆ. ಜಾಲಿಪಾಳ್ಯದಲ್ಲಿ ಕ್ರೈಸ್ತರ ಎರಡು ಬೀದಿಗಳಿವೆ. ಆ ಎರಡು ಬೀದಿಯವರೂ ಒಪ್ಪಿಕೊಳ್ಳುವ ಮಾತು ಬಹುಶಃ ಒಂದೇ: ಆ ಫಲಕ ಬರೆದವರಿಗೆ ಏನೂ ಗೊತ್ತಿಲ್ಲ.

ಹಿಂದೆ ಒಮ್ಮೆ ಅದು ಒಂದೇ ಬೀದಿಯಾಗಿತ್ತು ಎನ್ನುತ್ತಾರೆ. ಯಾವ ಕಾಲದಲ್ಲೋ ಬಂದ ರೋಮಿನ ಗುರುಗಳಿಂದ ಜ್ಞಾನಸ್ನಾನ ಪಡೆದು ಕ್ರೈಸ್ತರಾದ ಹದಿನೆಂಟು ಮನೆಗಳು, ನಡುವೆ ಸಂತ ಅಂತೋಣಿಯವರ ಹಂಚಿನ ದೇವಾಲಯ. ಆಮೇಲೆ ಬಿಳಿಯರ ಇನ್ನೊಂದು ಮಿಷನ್ ಬಂದು, ಊರಾಚೆ ಒಂದು ಶಾಲೆಯನ್ನೂ ಔಷಧಿಯ ಕೋಣೆಯನ್ನೂ ತೆರೆಯಿತು. ಓದು ಕಲಿತವರಲ್ಲಿ ಕೆಲವರು ಆ ಕಡೆಗೆ ಹೋದರು. ಹೋದವರು ಸುಮ್ಮನೆ ಹೋಗಲಿಲ್ಲ, ಹಳೆಯ ಮನೆಯ ಗೋಡೆಯ ಮೇಲಿದ್ದ ಸಂತರ ಪಟಗಳನ್ನು ಇಳಿಸಿ ಒಲೆಗೆ ಹಾಕಿ ಹೋದರು. ಅಲ್ಲಿಂದ ಶುರುವಾದದ್ದು ಹಗೆತನ. ಅಂತೋಣಿ ಬೀದಿಯವರು 'ಸ್ವರೂಪ' ಎಂದು ಕರೆಯುವುದನ್ನು ಮಿಷನ್ ಬೀದಿಯವರು 'ಬೊಂಬೆ' ಎಂದರು. ಮಿಷನ್ ಬೀದಿಯವರು 'ಸತ್ಯಸಭೆ' ಎಂದದ್ದನ್ನು ಅಂತೋಣಿ ಬೀದಿಯವರು 'ಕಳಚಿ ಬಿದ್ದ ಕೊಂಬೆ' ಎಂದರು. ಹೆಣ್ಣು ಕೊಡುವುದು ತರುವುದು ನಿಂತಿತು. ಒಂದು ಬಾವಿ ಎರಡಾಯಿತು. ರಕ್ತಸಂಬಂಧಿಗಳು ಸತ್ತರೂ ಎದುರು ಬೀದಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರೇ ಹೊರತು ಹೆಗಲು ಕೊಡುತ್ತಿರಲಿಲ್ಲ.

ಹಾಗೆ ದಾಟಿಹೋದವರಲ್ಲಿ ದೀನಮ್ಮ ಒಬ್ಬಳು. ಅವಳ ಅಣ್ಣ ಚೌರಪ್ಪ ಅಂತೋಣಿಯವರ ದೇವಾಲಯದ ಉಪದೇಶಿ. ಗುರುಗಳು ಊರಿಗೆ ಬಾರದ ವಾರಗಳಲ್ಲಿ ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವವನು. ದೀನಮ್ಮನ ಮೊದಲ ಮಗು ಜ್ವರದಲ್ಲಿ ಮಲಗಿದಾಗ ಅವಳು ಹದಿಮೂರು ಮಂಗಳವಾರ ಅಂತೋಣಿಯವರ ಮುಂದೆ ಮೊಣಕಾಲೂರುತ್ತೇನೆಂದು ಹರಕೆ ಹೊತ್ತಳು. ಒಂಬತ್ತನೆಯ ಮಂಗಳವಾರ ಮಗು ಹೋಯಿತು. ಮಣ್ಣು ಮಾಡಿ ಬಂದ ದಿನವೇ ಚೌರಪ್ಪ, ತಂಗಿಯ ದುಃಖಕ್ಕೆ ಒಂದು ಕಾರಣ ಒದಗಿಸಬೇಕೆಂದೋ ಏನೋ, "ನಿನ್ನ ಹರಕೇಲಿ ನಂಬಿಕೆ ಸಾಲಲಿಲ್ಲ ಕಣಮ್ಮ" ಎಂದ. ದೀನಮ್ಮ ಆ ವರ್ಷವೇ ಗಂಡನೊಡನೆ ಮಿಷನ್ ಬೀದಿಗೆ ಹೋದಳು. ಗಂಡ ಔಷಧಿಯ ಕೋಣೆಯಲ್ಲಿ ಕೆಲಸಕ್ಕೆ ಸೇರಿದ. ಅವಳು ಮೂವತ್ತರ ವಯಸ್ಸಿನಲ್ಲಿ ಅಕ್ಷರ ಕಲಿತು ಸತ್ಯವೇದ ಓದಿದಳು, ಮಿಷನ್ ಶಾಲೆಯ ಮಕ್ಕಳಿಗೂ ಓದಿ ಹೇಳಿದಳು. ಅಲ್ಲಿ ಹುಟ್ಟಿದವಳು ಯೂನಿಸ್. ಗಂಡ ತೀರಿಕೊಂಡ ಮೇಲೆ ಔಷಧಿಯ ಪೆಟ್ಟಿಗೆ ದೀನಮ್ಮನ ಕೈಗೆ ಬಂತು. ಅಣ್ಣನೊಡನೆ ಮಾತ್ರ, ಊರಿಗೆ ಪ್ಲೇಗು ಬರುವ ಹೊತ್ತಿಗೆ, ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು.

ಈ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆ ಮಾತ್ರ ಅವರಿಬ್ಬರೂ ಎದುರೆದುರು ನಿಂತು ಮಾತಾಡಿದ್ದುಂಟು, ಅದೂ ಜಗಳ. ಯೂನಿಸ್ ಆಗ ಹತ್ತು ವರ್ಷದವಳು, ತಾಯಿಯ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಸಂತೆಯಿಂದ ಬರುವ ದಾರಿಯಲ್ಲಿ ಚೌರಪ್ಪ ತಂಗಿಯನ್ನು ತಡೆದು, "ನಾವು ಸಂತರನ್ನ ದೇವರು ಅಂತೀವಿ ಅಂತ ಶಾಲೇಲಿ ಹೇಳ್ಕೊಡ್ತೀಯಂತೆ. ಯಾವತ್ತು ಅಂದಿದೀವಿ? ನಿನಗೆ ಕಾಯಿಲೆ ಆದ್ರೆ ನಿನ್ನ ಸಭೆಯವರು ನಿನಗೋಸ್ಕರ ಪ್ರಾರ್ಥನೆ ಮಾಡಲ್ವಾ? ಅವರನ್ನ ಕೇಳ್ಕೊಳ್ಳೋದು ಸರಿ, ದೇವರ ಹತ್ತಿರಾನೇ ಇರೋ ಅಂತೋಣಿಯವರನ್ನ ಕೇಳ್ಕೊಂಡ್ರೆ ಪಾಪವಾ?" ಎಂದ. ದೀನಮ್ಮ ತಲೆಯ ಮೇಲಿನ ಬುಟ್ಟಿ ಇಳಿಸದೆಯೇ, "ಅಪ್ಪನ ಮನೆಗೆ ಹೋಗೋ ಮಗಳಿಗೆ ಶಾನುಭೋಗರ ಶಿಫಾರಸು ಯಾಕಣ್ಣ? ನಡುವೆ ನಿಲ್ಲೋದಕ್ಕೆ ಯೇಸು ಒಬ್ಬರು ಇದ್ದಾರೆ, ಅವರು ಸಾಕು. ಸತ್ತವರು ಕೇಳಿಸ್ಕೊಳ್ತಾರೆ ಅಂತ ನೀನು ಹೇಳಿದ್ದನ್ನ ನಂಬಿ ಒಂಬತ್ತು ಮಂಗಳವಾರ ನನ್ನ ಮಗೂನ ಬಿಟ್ಟು ಕಲ್ಲಿನ ಮುಂದೆ ಕೂತಿದ್ದೆ" ಎಂದಳು. ಚೌರಪ್ಪ ದಾರಿ ಬಿಟ್ಟ. ಯೂನಿಸಳ ಮನಸ್ಸಿನಲ್ಲಿ ಆ ಒಂಬತ್ತು ಮಂಗಳವಾರಗಳು ಉಳಿದವು; ತಾನು ಹುಟ್ಟುವ ಮೊದಲೇ ತೀರಿಹೋದ ಅಣ್ಣನ ಮುಖ ನೋಡಲೇ ಇಲ್ಲವೆಂಬುದೂ, ಆ ಅಣ್ಣನನ್ನು ಕೊಂದವರು ಯಾರೆಂಬುದೂ ಅವಳಿಗೆ ಅಂದೇ ನಿಶ್ಚಯವಾಯಿತು.

ಯೂನಿಸಳಿಗೆ ಹದಿನೆಂಟಾದ ವರ್ಷ ಪ್ಲೇಗು ಬಂತು. ಮೊದಲು ಅಂತೋಣಿ ಬೀದಿಯ ಸೂರುಗಳಿಂದ ಇಲಿಗಳು ಬಿದ್ದವು. ಜನ ಮನೆ ಬಿಟ್ಟು ದಿಬ್ಬದ ಆಚೆಗೆ ಸೋಗೆಯ ಗುಡಿಸಲು ಹಾಕಿಕೊಂಡರು. ಮಿಷನ್ ಬೀದಿಯವರ ಬಿಡಾರ ದಿಬ್ಬದ ಈಚೆಗೆ. ಆಚೆ ಬದಿಯಲ್ಲಿ ದಿನಕ್ಕೊಂದು ಗುಂಡಿ ತೋಡುತ್ತಿದ್ದಾಗ ಈಚೆ ಬದಿಯಲ್ಲಿ, ಬೊಂಬೆಗೆ ಕೈಮುಗಿದದ್ದಕ್ಕೆ ಸಿಕ್ಕ ಶಿಕ್ಷೆ ಇದು ಎಂದು ಆಡಿಕೊಂಡವರೂ ಇದ್ದರು. ದೀನಮ್ಮ ಅವರ ಮಾತು ಕೇಳಿದಳು, ಪೆಟ್ಟಿಗೆ ಎತ್ತಿಕೊಂಡಳು, ದಿಬ್ಬ ಹತ್ತಿ ಆಚೆಗೆ ಇಳಿದಳು. ಅಲ್ಲಿಂದ ಇಪ್ಪತ್ತಮೂರು ದಿನ ಈಚೆಗೆ ಬರಲಿಲ್ಲ. ನೀರು ಕುದಿಸಿದಳು, ಕಂಕುಳ ಗಡ್ಡೆಗಳಿಗೆ ಬಿಸಿ ಪಟ್ಟು ಹಾಕಿದಳು, ಮುಟ್ಟಲು ಹೆದರಿ ದೂರ ಸರಿದ ಮನೆಯವರನ್ನು ಗದರಿಸಿ ಕರೆದು ಬಟ್ಟೆ ಒಗೆಸಿದಳು. ಸತ್ತವರು ಸತ್ತರು, ಉಳಿದವರು ಅವಳಿಂದಲೇ ಉಳಿದೆವೆಂದು ತಿಳಿದರು. ಅವಳ ಸೆರಗು ಹಿಡಿದು, "ಅಮ್ಮ, ನೀವು ದೇವರಿಗೆ ಬೇಕಾದವರು, ನಮ್ಮ ಪರವಾಗಿ ಬೇಡಿಕೊಳ್ಳಿ" ಎಂದವರಿಗೆಲ್ಲ ಅವಳ ಉತ್ತರ ಒಂದೇ: "ಬೇಡ. ನೀವೇ ಕೇಳಿ. ಅವನಿಗೆ ನಿಮ್ಮ ಭಾಷೆ ಬರುತ್ತೆ." ಯೂನಿಸ್ ದಿನವೂ ದಿಬ್ಬದ ನೆತ್ತಿಯವರೆಗೆ ಗಂಜಿ ತಂದಿಟ್ಟು ಹಿಂದಿರುಗುತ್ತಿದ್ದಳು. ತಾಯಿ ಬಂದು ಎತ್ತಿಕೊಂಡು ಹೋಗುವುದನ್ನು ದೂರದಿಂದ ನೋಡುತ್ತಿದ್ದಳು. ಕೈ ಬೀಸಿದರೆ ತಾಯಿಯೂ ಬೀಸುತ್ತಿದ್ದಳು, ಅಷ್ಟೇ.

ಕೊನೆಗೆ, ಇಪ್ಪತ್ತನಾಲ್ಕನೆಯ ದಿನ, ಬೇನೆ ಬಿದ್ದದ್ದು ಚೌರಪ್ಪನ ಗುಡಿಸಲಿಗೆ. ಅವನ ಸೊಸೆ ಇನ್ನಾಸಮ್ಮ, ಯೂನಿಸಳ ವಾರಿಗೆಯವಳು, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ದೀನಮ್ಮ ಅಣ್ಣನ ಹೊಸ್ತಿಲು ದಾಟಿದಳು. ಆರು ದಿನ ಆ ಹುಡುಗಿಯ ಮಂಚದ ಪಕ್ಕದಲ್ಲಿ ಕೂತಳು. ಇನ್ನಾಸಮ್ಮ ಎದ್ದು ಕೂತ ದಿನ ದೀನಮ್ಮ ಮಲಗಿದಳು. ಸುದ್ದಿ ಕೇಳಿ ಯೂನಿಸ್ ಯಾರು ಹಿಡಿದರೂ ನಿಲ್ಲದೆ ದಿಬ್ಬ ದಾಟಿ ಓಡಿಬಂದಾಗ, ಗುಡಿಸಲಿನ ಮುಂದೆ ಅಂತೋಣಿ ಬೀದಿಯ ಹೆಂಗಸರು ಸಾಲಾಗಿ ಮೊಣಕಾಲೂರಿದ್ದರು. ಒಬ್ಬಳು ದೀನಮ್ಮನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದನ್ನು ಕಂಡ ದೀನಮ್ಮ ಮಗಳ ಮಣಿಕಟ್ಟು ಹಿಡಿದು, "ಇವರು ಬತ್ತಿ ಹಿಡ್ಕೊಂಡು ಬರ್ತಾರೆ. ಬಿಡಬೇಡ. ನಾನು ಯಾರ ನಡುವೆಯೂ ನಿಲ್ಲೋಳಲ್ಲ. ನನ್ನ ಹೆಸರಲ್ಲಿ ಕೈಮುಗಿಯೋದು ಬೇಡ" ಎಂದಳು. ಆಮೇಲೂ ತುಟಿ ಅಲುಗುತ್ತಿದ್ದವು. ಬಗ್ಗಿ ಕಿವಿಯಿಟ್ಟ ಯೂನಿಸಳಿಗೆ ಕೇಳಿಸಿದ್ದು 'ಬೇಡ, ಬೇಡ' ಎಂಬುದೊಂದೇ. ಬೇನೆಯ ಹೆಣವನ್ನು ಊರಿನ ಯಾವ ಸ್ಮಶಾನಕ್ಕೂ ಒಯ್ಯುವಂತಿರಲಿಲ್ಲ. ಎರಡು ಬಿಡಾರಗಳ ನಡುವಿನ ದಿಬ್ಬದ ಮೇಲೆಯೇ ಗುಂಡಿ ತೋಡಿದರು.

ಊರು ಮತ್ತೆ ಮನೆಗಳಿಗೆ ಹಿಂದಿರುಗಿದ ಮೊದಲ ಮಂಗಳವಾರ ಸಮಾಧಿಯ ಮೇಲೆ ಒಂದು ಬತ್ತಿ ಉರಿಯಿತು. ಹಚ್ಚಿದವಳು ಇನ್ನಾಸಮ್ಮ. ಯೂನಿಸ್ ಅದನ್ನು ಕಾಲಿನಿಂದ ಒದ್ದು ಹೊಲಕ್ಕೆ ಎಸೆದಳು. ಮುಂದಿನ ಮಂಗಳವಾರ ನಾಲ್ಕು ಬತ್ತಿ, ಅದರ ಮುಂದಿನ ಮಂಗಳವಾರ ಹನ್ನೊಂದು. ಯೂನಿಸ್ ಒಂದು ಬಿಂದಿಗೆ ನೀರು ತಂದು ದಿಬ್ಬದ ಮೇಲೆ ಕೂರತೊಡಗಿದಳು. ಹಚ್ಚಿದ್ದಕ್ಕೆಲ್ಲ ಸುರಿಯುವುದು ಅವಳ ಕೆಲಸ. ಹೆಂಗಸರು ಬೈದರು, ಶಾಪ ಹಾಕಿದರು, ಒಬ್ಬಳು ಮಣ್ಣೆರಚಿದಳು. ಒಂದು ದಿನ ಚೌರಪ್ಪನೇ ಬಂದ. ಮುದುಕನಾಗಿದ್ದ, ದಿಬ್ಬ ಹತ್ತಿ ಏದುಸಿರು ಬಿಡುತ್ತಿದ್ದ. "ಯೂನಿಸಮ್ಮ, ಇವರನ್ನ ತಡೀಬೇಡ. ಬದುಕಿದ್ದಾಗ ಅಷ್ಟು ಪ್ರೀತಿ ಮಾಡಿದವಳು, ದೇವರ ಹತ್ತಿರ ಹೋದ ಮೇಲೆ ಮರೆತುಬಿಡ್ತಾಳಾ? ನಾವು ಸಂತರನ್ನ ಕರೆಯೋದೇ ಅದಕ್ಕೆ. ಅಷ್ಟು ಬಿಟ್ಟರೆ ಬೇರೇನೂ ಇಲ್ಲ" ಎಂದ. ಯೂನಿಸ್ ಎದ್ದು ನಿಂತಳು. "ಮಾವ, ನಿಮ್ಮ ಮಾತು ಕೇಳಿ ಅಮ್ಮ ಮಗನ್ನ ಕಳ್ಕೊಂಡ್ಳು. ನಿಮ್ಮ ಸೊಸೆ ಉಳೀಲಿ ಅಂತ ನಾನು ಅಮ್ಮನ್ನ ಕಳ್ಕೊಂಡೆ. ಇಪ್ಪತ್ತೊಂಬತ್ತು ದಿನ ನಿಮ್ಮ ಬೀದಿಯವರ ಹತ್ರ ಇದ್ದಳು. ಅವಳ ಕೈಯಿಂದ ನನ್ನ ತಲೆ ಬಾಚಿಸ್ಕೊಂಡು ಎಷ್ಟು ದಿನ ಆಯ್ತು ಗೊತ್ತಾ? ಬದುಕಿದ್ದವಳನ್ನ ತಗೊಂಡ್ರಿ, ಸತ್ತವಳನ್ನೂ ನಿಮಗೇ ಕೊಡಬೇಕಾ?" ಚೌರಪ್ಪ ದಿಬ್ಬ ಇಳಿದುಹೋದ. ಆ ಮುದುಕ ತಂಗಿಗಾಗಿ ಅತ್ತದ್ದನ್ನು ಅಂತೋಣಿ ಬೀದಿಯವರು ಕಂಡಿದ್ದರು. ಯೂನಿಸ್ ಕಂಡಿರಲಿಲ್ಲ, ಕಂಡಿದ್ದರೂ ಅವಳ ಮನಸ್ಸು ಕರಗುತ್ತಿರಲಿಲ್ಲ.

ಬತ್ತಿಗಳನ್ನು ನಿಲ್ಲಿಸಲು ಬರೀ ಯೂನಿಸಳೇ ಹೊರಟಿದ್ದಳೆಂದು ತಿಳಿಯಬಾರದು. ಅಂತೋಣಿ ಬೀದಿಗೆ ಬರುತ್ತಿದ್ದ ಗುರುಗಳು ಪೂಜೆಯ ನಡುವೆ ಪೀಠದಿಂದಲೇ ಗದರಿಸಿದರು: ಸಂತರು ಯಾರೆಂದು ತಿಳಿಸುವುದು ಧರ್ಮಸಭೆ, ಹಳ್ಳಿಯ ಹೆಂಗಸರಲ್ಲ, ಅದರಲ್ಲೂ ಸಭೆಯನ್ನು ಬಿಟ್ಟುಹೋದವಳ ಗೋರಿಗೆ ಬತ್ತಿ ಹಚ್ಚುವವರು ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಬರಕೂಡದು. ಇತ್ತ ಮಿಷನ್ ಸಭೆಯ ಪಾದ್ರಿ ದೇವಪ್ರಿಯ ಅಯ್ಯನವರಿಗೆ ಇನ್ನೂ ದೊಡ್ಡ ಅವಮಾನ. ಬೊಂಬೆಗಳ ವಿರುದ್ಧ ಬದುಕಿಡೀ ಮಾತಾಡಿದ ತಮ್ಮ ಸಭೆಯ ಹೆಂಗಸೇ ಬೊಂಬೆಯಾಗುತ್ತಿದ್ದಾಳೆ. ಹಿರಿಯರು ಕೂಡಿ ಒಂದು ತೀರ್ಮಾನಕ್ಕೆ ಬಂದರು. ಸಮಾಧಿಯ ಗುರುತು ಅಳಿಸಬೇಕು. ಕಲ್ಲು ಕಿತ್ತು, ಮಣ್ಣು ಸಮ ಮಾಡಿ, ಮೇಲೆ ಹುರುಳಿ ಬಿತ್ತಬೇಕು. ಎಲ್ಲಿದೆಯೆಂದೇ ತಿಳಿಯದ ಮೇಲೆ ಬತ್ತಿ ಎಲ್ಲಿ ಹಚ್ಚುತ್ತಾರೆ?

ಅವರು ಹಾರೆ ಗುದ್ದಲಿ ಹಿಡಿದು ಬಂದದ್ದು ಬೆಳಗಿನ ಹೊತ್ತಿಗೆ. ಸುದ್ದಿ ಹೇಗೋ ತಿಳಿದು ಅಂತೋಣಿ ಬೀದಿಯ ಹೆಂಗಸರು ಅವರಿಗಿಂತ ಮೊದಲೇ ಬಂದು ಸಮಾಧಿಯ ಸುತ್ತ ಕೂತಿದ್ದರು. ಅವರ ಹಿಂದೆ ಗಂಡಸರು, ಕೈಯಲ್ಲಿ ದೊಣ್ಣೆ. ಬೈಗುಳ ಹೋಗಿ ಕಲ್ಲು ಬಿದ್ದವು. ಪಾದ್ರಿಗಳ ಹುಬ್ಬಿನಿಂದ ರಕ್ತ ಇಳಿಯಿತು. ಇನ್ನಾಸಮ್ಮನ ಕೈ ಮುರಿಯಿತು. ಆ ಗದ್ದಲದ ನಡುವೆ ಯೂನಿಸ್ ಬಂದು ನಿಂತಾಗ, ಹುಬ್ಬಿಗೆ ವಸ್ತ್ರ ಒತ್ತಿಕೊಂಡಿದ್ದ ದೇವಪ್ರಿಯ ಅಯ್ಯನವರು ಹಾರೆಯನ್ನು ಅವಳ ಕೈಗಿತ್ತು, "ಮಗಳಾದ ನೀನೇ ಮೊದಲ ಹಾರೆ ಹಾಕು. ನಿನ್ನ ತಾಯಿಯ ಮಾತನ್ನೇ ನಾವು ನಡೆಸ್ತಾ ಇದೀವಿ" ಎಂದರು. ಯೂನಿಸ್ ಹಾರೆ ಹಿಡಿದು ಸಮಾಧಿಯವರೆಗೆ ನಡೆದಳು. ಹೆಂಗಸರು ಜಪದ ದನಿ ಏರಿಸಿದರು. ತಾಯಿಯ ತಲೆಯ ಕಡೆಯ ಕಲ್ಲಿನ ಬುಡಕ್ಕೆ ಹಾರೆಯ ಮೊನೆ ತಾಗಿಸಿ ಅವಳು ಎಷ್ಟೋ ಹೊತ್ತು ಹಾಗೇ ನಿಂತಿದ್ದಳು ಎನ್ನುತ್ತಾರೆ. ಆಮೇಲೆ ತಿರುಗಿ, "ಅಯ್ಯನವರೇ, ಅಮ್ಮ ಬೇಡ ಅಂದದ್ದು ಬೇಡೋದನ್ನ. ತನ್ನನ್ನೇ ಬೇಡ ಅನ್ನಲಿಲ್ಲ" ಎಂದಳು. ಹಾರೆಯನ್ನು ದಿಬ್ಬದಿಂದ ಕೆಳಗೆ ಉರುಳಿಸಿದಳು. ಅಂತೋಣಿ ಬೀದಿಯವರ ಮುಖದಲ್ಲಿ ಗೆಲುವು ಮೂಡಿದ್ದನ್ನು ಕಂಡು ಅವರ ಕಡೆಗೂ ತಿರುಗಿದಳು: "ನೀವೂ ಏಳಿ. ಇದು ನನ್ನ ತಾಯಿ. ನಿಮ್ಮ ಅಂತೋಣಿಯಲ್ಲ."

ಆ ಬೇಸಗೆಯೆಲ್ಲ ಅವಳು ಹೊಲದ ಬದುಗಳಿಂದ ಕಲ್ಲು ಹೊತ್ತು ತಂದು ಒಬ್ಬಳೇ ಆ ಗೋಡೆ ಪೇರಿಸಿದಳು. ಯಾರೂ ಒಳಗೆ ಹೋಗಬಾರದೆಂದೇ ಬಾಗಿಲು ಬಿಡಲಿಲ್ಲ. ಕೊನೆಯ ಕಲ್ಲಿಟ್ಟು ತಾನೂ ಗೋಡೆ ಹತ್ತಿ ಇಳಿದು ಹೊರಬಂದಳು. ಅದಕ್ಕೆ ಮೊದಲು ಕಲ್ಲುಕುಟಿಗನೊಬ್ಬನನ್ನು ಕರೆಸಿ, ತಾಯಿಯ ಹೆಸರಾಗಲಿ ತಾರೀಖಾಗಲಿ ಇಲ್ಲದೆ, ದೂರದಿಂದ ಕಾಣುವಂಥ ದೊಡ್ಡ ಅಕ್ಷರದಲ್ಲಿ ತಾಯಿಯ ಕೊನೆಯ ಮಾತನ್ನು ಚಪ್ಪಡಿಯ ಮೇಲೆ ಕೆತ್ತಿಸಿದಳು: ಬೇಡ. ಬಂದವರಿಗೆ ಎಚ್ಚರಿಕೆಯಾಗಲಿ ಎಂಬುದು ಅವಳ ಎಣಿಕೆ. ಅಂತೋಣಿ ಬೀದಿಯ ಹೆಂಗಸರಿಗೆ ಅಕ್ಷರ ಬಾರದು. ಶಾಲೆಗೆ ಹೋಗುತ್ತಿದ್ದ ಮಕ್ಕಳಿಂದ ಓದಿಸಿ ಕೇಳಿದರು. 'ಬೇಡ' ಎಂದಿದೆ ಎಂದರು ಮಕ್ಕಳು. ಅದು ಆ ತಾಯಿಯ ಹೆಸರೇ ಇರಬೇಕೆಂದು ಪರವೂರಿನಿಂದ ಬಂದವರು ತಿಳಿದರು. ಗೌರವಕ್ಕೆ 'ಅಮ್ಮ' ಸೇರಿಸಿದರು. ಅಂತೋಣಿ ಬೀದಿಯವರು, ಬೇಡಿದವರಿಗೆ ಕೊಡಿಸುವವಳು ಆದ್ದರಿಂದ ಬೇಡಮ್ಮ ಎಂದು ಅರ್ಥ ಹೇಳಿದರು. ಮಿಷನ್ ಬೀದಿಯವರು, ಬೇಡವೆಂದು ಹೇಳಿ ಸತ್ತವಳು ಆದ್ದರಿಂದ ಬೇಡಮ್ಮ ಎಂದು ಹಟ ಹಿಡಿದರು. ಎರಡು ವರ್ಷ ಕಳೆಯುವುದರೊಳಗೆ ದೀನಮ್ಮ ಎಂಬ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ತಾನು ಕೆತ್ತಿಸಿದ ನಿಷೇಧವೇ ಪ್ರಾರ್ಥನೆಯಾದದ್ದನ್ನು ಯೂನಿಸ್ ತನ್ನ ಕಿವಿಯಿಂದಲೇ ಕೇಳಬೇಕಾಯಿತು. ಅಂದು ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡು ಎರಡು ದಿನ ಹೊರಗೆ ಬರಲಿಲ್ಲ. ಮೂರನೆಯ ದಿನ ಮಂಗಳವಾರ. ಬಿಂದಿಗೆ ಎತ್ತಿಕೊಂಡು ದಿಬ್ಬಕ್ಕೆ ಹೋದಳು.

ಮೂವತ್ತು ವರ್ಷ ಹೀಗೇ ನಡೆಯಿತು. ಯೂನಿಸ್ ಮದುವೆಯಾಗಲಿಲ್ಲ, ಮಿಷನ್ ಶಾಲೆಯ ಟೀಚರಮ್ಮನಾಗಿ ತಲೆ ಹಣ್ಣಾಯಿತು. ಒಂದು ಶುಕ್ರವಾರ ಮಧ್ಯಾಹ್ನ, ಮಳೆಗೆ ಜಾರಿದ ಕಲ್ಲುಗಳನ್ನು ಎತ್ತಿಡಲು ಹೋದವಳು, ಇನ್ನಾಸಮ್ಮ ಏದುತ್ತ ದಿಬ್ಬ ಹತ್ತಿ ಬರುವುದನ್ನು ಕಂಡಳು. ಇನ್ನಾಸಮ್ಮನ ಮಗಳಿಗೆ ಎರಡು ದಿನದಿಂದ ಹೆರಿಗೆ ನೋವು. ಹೊಳೆ ತುಂಬಿ ಗಾಡಿ ಆಸ್ಪತ್ರೆಗೆ ದಾಟುವಂತಿರಲಿಲ್ಲ. ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡ ಕೈಯಲ್ಲಿ ಅವಳು ಬತ್ತಿ ಹಿಡಿದು ಕಡ್ಡಿ ಗೀರಿದಳು. ಯೂನಿಸ್ ಒದ್ದೆ ಬೆರಳಲ್ಲಿ ಆ ಉರಿಯನ್ನು ಹಿಸುಕಿದಳು. "ಅಮ್ಮ ಏನು ಹೇಳಿದಳು ಅಂತ ನಿನಗೂ ಗೊತ್ತು. ನಿನ್ನ ಮಂಚದ ಪಕ್ಕದಲ್ಲೇ ಹೇಳಿದ್ದು."

ಇನ್ನಾಸಮ್ಮ ಜಗಳವಾಡಲಿಲ್ಲ. ಗೋಡೆಗೆ ಒರಗಿ ಕುಸಿದಳು. "ಗೊತ್ತು ಯೂನಿಸಕ್ಕ. ಗಡ್ಡೆ ಎದ್ದಾಗ ನಾನೂ ಕೇಳಿದ್ದೆ, ನನಗೋಸ್ಕರ ದೇವರ ಹತ್ರ ಒಂದು ಮಾತು ಹೇಳಿ ಅತ್ತೆ ಅಂತ. ಬೇಡ, ನೀನೇ ಹೇಳು ಅಂದ್ರು. ನನಗೆ ಬಾಯೇ ಬರಲಿಲ್ಲ. ನಾನು ನಿದ್ದೆ ಹೋದೆ ಅಂದ್ಕೊಂಡು ಆಮೇಲೆ ಮೊಣಕಾಲೂರಿದ್ರು. ನಾನು ಕಣ್ಣು ಬಿಟ್ಟು ನೋಡ್ತಾನೇ ಇದ್ದೆ. ನನ್ನ ಹೆಸರು ಹೇಳಿ ಕೇಳ್ಕೊಂಡ್ರು. ನಿಮ್ಮ ಹೆಸರೂ ಹೇಳಿದ್ರು." ಆರಿದ ಬತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಅಂದಳು: "ಇವತ್ತೂ ನನಗೆ ಬಾಯಿ ಬರ್ತಿಲ್ಲ. ಸತ್ತವರನ್ನ ಕೇಳಬಾರದು ಅಂತೀರಿ. ನೀವು ಬದುಕಿದೀರಲ್ಲ. ನೀವು ಕೇಳಿ."

ಇದನ್ನು ಯಾರೂ ಯೂನಿಸಳಿಗೆ ಹೇಳಿರಲಿಲ್ಲ. ಹೇಳಲು ಅವಳು ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ಬದುಕಿರುವ ನೆರೆಯವಳಿಗಾಗಿ ಪ್ರಾರ್ಥಿಸಬಾರದೆಂದು ಅವಳ ಸಭೆಯೂ ಹೇಳಿರಲಿಲ್ಲ, ಅವಳ ತಾಯಿಯೂ ಹೇಳಿರಲಿಲ್ಲ. ತಾಯಿಯನ್ನು ತಿಂದವಳೆಂದು ಮೂವತ್ತು ವರ್ಷ ಮನಸ್ಸಿನಲ್ಲಿ ಬೈದುಕೊಂಡ ಹೆಂಗಸಿನ ಪಕ್ಕದಲ್ಲಿ ಅವಳು ಒದ್ದೆ ನೆಲಕ್ಕೆ ಮೊಣಕಾಲೂರಿದಳು. ಇನ್ನಾಸಮ್ಮನ ಹೆಸರನ್ನೂ ಅವಳ ಮಗಳ ಹೆಸರನ್ನೂ ಬಾಯಿಬಿಟ್ಟು ಹೇಳಿ ಪ್ರಾರ್ಥಿಸಿದಳು. ಪಕ್ಕದಲ್ಲಿ ಇನ್ನಾಸಮ್ಮ ಜಪಸರ ತೆಗೆದು ಪಿಸುಗುಟ್ಟುತ್ತಿದ್ದಳು; ಅದರಲ್ಲಿ ಮಾತೆ ಮರಿಯಳ ಹೆಸರಿತ್ತು, ಅಂತೋಣಿಯವರ ಹೆಸರಿತ್ತು, ಬೇಡಮ್ಮನ ಹೆಸರೂ ಇತ್ತು. ಯೂನಿಸಳಿಗೆ ಕೇಳಿಸಿತು. ತಡೆಯಲಿಲ್ಲ. ಹೊತ್ತು ಮುಳುಗುವ ಮೊದಲು ಹೆಣ್ಣು ಮಗು ಹುಟ್ಟಿತು, ತಾಯಿಯೂ ಉಳಿದಳು. ಬೇಡಮ್ಮ ಕೊಡಿಸಿದಳೆಂದು ಒಂದು ಬೀದಿ ಹೇಳಿತು, ದೇವರು ನೇರವಾಗಿ ಕೇಳಿದನೆಂದು ಇನ್ನೊಂದು ಬೀದಿ ಹೇಳಿತು, ಈ ಮಾತಿಗೇ ಬಾವಿಯ ಬಳಿ ಮತ್ತೊಂದು ಜಗಳವಾಯಿತು. ಇನ್ನಾಸಮ್ಮ ಮುಂದಿನ ಮಂಗಳವಾರ ಬತ್ತಿ ತಂದಳು. ಯೂನಿಸ್ ಅದಕ್ಕೆ ನೀರು ಸುರಿದಳು. ಅವರಿಬ್ಬರೂ ಸಾಯುವವರೆಗೂ ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯಲಿಲ್ಲ. ಆದರೆ ಆ ಶುಕ್ರವಾರದ ಮೇಲೆ ಯೂನಿಸ್ ಯಾರ ಬತ್ತಿಯನ್ನೂ ತಟ್ಟನೆ ಆರಿಸುತ್ತಿರಲಿಲ್ಲವಂತೆ. ಹಚ್ಚಿದವರು ತಮ್ಮ ಮಾತು ಮುಗಿಸಿ ಏಳುವ ತನಕ ಬಿಂದಿಗೆ ಹಿಡಿದು ಕಾಯುತ್ತಿದ್ದಳಂತೆ.

ಈಗ ಬಿಂದಿಗೆ ಹಿಡಿದು ಕೂರುವವರಿಲ್ಲ. ಚಪ್ಪಡಿಯ ಅಕ್ಷರಗಳು ಮಾಸಿವೆಯಾದರೂ ಇಳಿಬಿಸಿಲಿನಲ್ಲಿ ನೋಡಿದರೆ ಓದಬಹುದು. ಬತ್ತಿ ಹಚ್ಚಬೇಡಿ ಎಂದು ಅಂತೋಣಿ ಬೀದಿಯ ಗುರುಗಳು ಇವತ್ತಿಗೂ ವರ್ಷಕ್ಕೊಮ್ಮೆ ಹೇಳುತ್ತಾರೆ. ಜನ ತಲೆದೂಗಿ, ಮಂಗಳವಾರ ಹಚ್ಚುತ್ತಾರೆ. ತಿಂಗಳ ಮೊದಲ ಶನಿವಾರ ಮಿಷನ್ ಬೀದಿಯಿಂದ ಇಬ್ಬರೋ ಮೂವರೋ ಬಂದು, ಗೋಡೆಯ ಮೇಲೆ ಹೆಪ್ಪುಗಟ್ಟಿದ ಮೇಣವನ್ನು ಕೆರೆದು ತೆಗೆದು, ಒಂದು ಗೀತೆ ಹಾಡಿ ಹೋಗುತ್ತಾರೆ. ಕೆರೆಯುವುದಕ್ಕೆ ಅವರು ತಂದ ಗಾರೆಯ ಕರಣೆಯೊಂದು ಗೋಡೆಯ ಉತ್ತರದ ಬದಿಯಲ್ಲಿ, ಎರಡು ಕಲ್ಲುಗಳ ಸಂದಿಗೆ ಸಿಕ್ಕಿಸಿಟ್ಟದ್ದು ಕಾಣುತ್ತದೆ. ಪ್ರತಿ ಸಲ ಮನೆಗೆ ಒಯ್ಯುವುದು ಯಾಕೆಂದು ಅಲ್ಲೇ ಬಿಟ್ಟುಹೋಗುತ್ತಾರೆ. ಮಂಗಳವಾರ ಬರುವ ಹೆಂಗಸರಿಗೂ ಅದು ಏತಕ್ಕೆಂದು ಗೊತ್ತು. ಬತ್ತಿ ನಿಲ್ಲಿಸಲು ಜಾಗ ಸಾಲದಿದ್ದಾಗ ಅವರೂ ಅದನ್ನೇ ತೆಗೆದುಕೊಂಡು ಹಳೆಯ ಮೇಣ ಕೆರೆದು, ತಿರುಗಿ ಅದೇ ಸಂದಿಯಲ್ಲಿ ಇಟ್ಟು ಹೋಗುತ್ತಾರೆ.